ಸ್ಥಳ ತಪ್ಪಿದ ಮಹಾಪ್ರಾಣ

ಒಂಬತ್ತನೆಯ ಕಂತು

“ಇನ್ನೊಮ್ಮೆ ಓದ್ರಿ ಕಾಕಾ. ಈ ಸಲ ಅರ್ಥ ನೋಡಬ್ಯಾಡ್ರಿ, ಬರೇ ಅಕ್ಷರ ನೋಡ್ರಿ,” ಎಂದಳು ಐಶ್ವರ್ಯ.

ರುದ್ರಮುನಿ ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದ. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದ ಕೈ ಅದು. ನಿವೃತ್ತನಾಗಿ ಹಾವೇರಿಯ ಈ ಮನೆ ಸೇರಿ ಏಳು ವರ್ಷವಾದರೂ, ಅಂಚು ಮುಟ್ಟಿಯೂ ಮುಟ್ಟದಂತೆ ಕಾಗದ ಹಿಡಿಯುವ ನಯ ಬಿಟ್ಟುಹೋಗಿರಲಿಲ್ಲ.

“ಯಂತ್ರಕ್ಕ ಕೇಳಿದ್ರ ಒಂದು ಕ್ಷಣದಾಗ ತೋರಸ್ತೈತಿ. ನೀವ ಬ್ಯಾಡ ಅಂತೀರಿ,” ಎಂದಳು ಮತ್ತೆ.

“ಯಂತ್ರ ಕಂಡದ್ದು ಯಂತ್ರದ ಸಾಕ್ಷಿ. ನಾ ಕಂಡದ್ದು ನನ್ನ ಸಾಕ್ಷಿ. ಸುಮ್ಮನ ಕುಂದ್ರು.”

ಅವಳು ಸ್ಟೂಲು ಎಳೆದು ಕುಳಿತಳು. ಹದಿನೈದು ದಿನಗಳಿಂದ ಆ ಮುಖದಲ್ಲಿ ನಿದ್ದೆ ಕಂಡಿರಲಿಲ್ಲ. ಇಂದು ಸಂಜೆ ಐದಕ್ಕೆ ಬ್ಯಾಡಗಿಯಲ್ಲಿ ಸಂಘದ ಸಭೆ. ಪೊಲೀಸರಿಗೆ ಕೊಡುವ ದೂರಿನಲ್ಲಿ ಯಾರ ಹೆಸರಿರಬೇಕೆಂದು ಅಲ್ಲಿ ತೀರ್ಮಾನವಾಗಬೇಕಿತ್ತು. ಈ ಗಳಿಗೆಯವರೆಗೆ ಇದ್ದದ್ದು ಒಂದೇ ಹೆಸರು, ಅವಳದು.

ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಕಟ್ಟಿಕೊಂಡ ಸಂಘವದು. ಬಣ್ಣ ಬಳಿದ ಕಾಯಿಯನ್ನು ಕಂಡುಹಿಡಿಯುವ ಪೆಟ್ಟಿಗೆಯೊಂದನ್ನು ಅವರು ಐಶ್ವರ್ಯಳಿಂದ ಮಾಡಿಸಿದ್ದರು. ಜನವರಿಯಲ್ಲಿ ಅದೇ ಪೆಟ್ಟಿಗೆ ಬಣ್ಣ ಬಳಿದ ಹದಿನಾಲ್ಕು ಚೀಲಗಳಿಗೆ ಸೈ ಎಂದುಬಿಟ್ಟಿತು. ನಾಲ್ಕು ದಿನ ತೊಳೆದರೂ ಸಂಘದ ಗುತ್ತೆವ್ವನ ಅಂಗೈಯ ಕೆಂಪು ಹೋಗದಿದ್ದಾಗಲೇ ಗುಟ್ಟು ಹೊರಬಿದ್ದದ್ದು. “ಮೆಣಸಿನಕಾಯಿ ಕೈ ಉರಸ್ತೈತ್ರಿ, ಕೈಗೆ ಬಣ್ಣ ಹಚ್ಚೂದಿಲ್ಲ,” ಎಂದಿದ್ದಳು ಆಕೆ. ಪ್ರಯೋಗಾಲಯ ಆಮೇಲೆ ಎಂಟು ಪುಟಗಳಲ್ಲಿ ಹೇಳಿದ್ದೂ ಅಷ್ಟನ್ನೇ.

ಪೆಟ್ಟಿಗೆಯ ಬುದ್ಧಿಯೆಲ್ಲ ಐಶ್ವರ್ಯ ಬರೆದ ಮೂಲಕಡತಗಳಲ್ಲಿತ್ತು. ಅವುಗಳನ್ನು ಕಂತೆ ಕಟ್ಟಿ, ಯಾರು ಬೇಕಾದರೂ ನೋಡಲೆಂದು ಸಂಘದ ಜಾಲತಾಣದಲ್ಲಿ ಇಡುತ್ತಿದ್ದರು. ಕಂತೆಗೆ ಎರಡು ಕಾವಲು. ಒಂದು ತಾಳೆಸಂಖ್ಯೆ: ಇಡೀ ಕಂತೆಯನ್ನು ಅರೆದು ತೆಗೆದ ಅರವತ್ತನಾಲ್ಕು ಅಕ್ಷರಗಳ ಸಾರ. ಒಳಗೆ ಒಂದು ಚುಕ್ಕೆ ಕದಲಿದರೂ ಆ ಸಾಲೆಲ್ಲ ಬೇರೆಯಾಗಿಬಿಡುತ್ತದೆ. ಇನ್ನೊಂದು ಡಿಜಿಟಲ್ ಸಹಿ: ಐಶ್ವರ್ಯಳ ಗುಪ್ತ ಕೀಲಿಯಿಂದಲ್ಲದೆ ಬೀಳಲಾರದ್ದು. ಸಹಿ ಹೊಂದದಿದ್ದರೆ ಬ್ಯಾಡಗಿಯದಾಗಲಿ ಹಾವೇರಿಯದಾಗಲಿ, ಯಾವ ಪೆಟ್ಟಿಗೆಯೂ ಹೊಸ ಕಂತೆಯನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಕೆಟ್ಟ ಕಂತೆಯ ಸಹಿ ಹೊಂದಿತ್ತು. ಅದೇ ಅವಳ ಕೊರಳಿನ ಉರುಳು.

ಬಿಡಿಸಿಕೊಳ್ಳಲು ಒಂದೇ ಎಳೆ. ಸಂಘದ ಅಧ್ಯಕ್ಷೆ ಮಹಮೂದಾಬೇಗಂ ಪರದೆಯ ಮೇಲಿನ ಯಾವುದನ್ನೂ ನಂಬುವವಳಲ್ಲ. “ಕಂತಿ ಕಟ್ಟಿದ ದಿನಾನ ನಂಬರ ಗ್ವಾಡಿಗೆ ಬರಿಯವ್ವಾ. ಗ್ವಾಡಿ ಕರೆಂಟ್ ಹೋದ್ರೂ ಇರ್ತೈತಿ,” ಎಂಬುದು ಆಕೆಯ ಕಟ್ಟಳೆ. ಗೋಡೆಯ ಮೇಲೆ ಐಶ್ವರ್ಯ ಬರೆದಿದ್ದ ಜನವರಿಯ ಸಂಖ್ಯೆ ಜಾಲತಾಣದ ಕಂತೆಗೆ ಹೊಂದಲಿಲ್ಲ. ಅವಳ ಪೆನ್‌ಡ್ರೈವಿನಲ್ಲಿದ್ದ ಕಂತೆಗೆ ಅಕ್ಷರಶಃ ಹೊಂದಿತು. ತಾನು ಕಟ್ಟಿದ್ದು ಆ ಕಂತೆ, ಎರಡು ದಿನದ ಮೇಲೆ ಯಾರೋ ತನ್ನ ಕೀಲಿ ಕದ್ದು, ಕೆಡಿಸಿದ ಕಂತೆಗೆ ಸಹಿ ಹಾಕಿದ್ದಾರೆ ಎಂಬುದು ಅವಳ ಮಾತು.

ಆ ಎರಡು ಕಂತೆಗಳ ಹಾಳೆಗಳೇ ಈಗ ಅವನ ಕೈಯಲ್ಲಿದ್ದವು. ದೊಡ್ಡ ವ್ಯತ್ಯಾಸ ನಿನ್ನೆಯೇ ಸಿಕ್ಕಿತ್ತು: ಜಾಲತಾಣದ ಕಂತೆಯಲ್ಲಿ ಹೊಸದಾಗಿ ನುಸುಳಿದ ಒಂದು ಸಾಲು, ‘ಚೇ’ ಗುರುತಿನ ಚೀಲಗಳನ್ನು ಪರೀಕ್ಷೆಯಿಲ್ಲದೆ ಒಳಗೆ ಬಿಡುವಂಥದು. ಆದರೆ, ಲೆಕ್ಕ ಮಾತ್ರ ಕೇಳಿದಾಗ, ಯಂತ್ರ ಎರಡು ವ್ಯತ್ಯಾಸಗಳಿವೆ ಎನ್ನುತ್ತಿತ್ತು. ಎರಡನೆಯದು ಕಣ್ಣಿಗೆ ಬೀಳುತ್ತಿರಲಿಲ್ಲ.

ಅರ್ಥ ಬಿಟ್ಟು ಅಕ್ಷರ ನೋಡುತ್ತ ಹೋದಾಗ ಬಿತ್ತು.

ಪೆನ್‌ಡ್ರೈವಿನ ಹಾಳೆಯಲ್ಲಿ ಒಂದು ಟಿಪ್ಪಣಿಯ ಮೊದಲ ಪದ ‘ಧೃಡೀಕರಣ’. ಜಾಲತಾಣದ ಹಾಳೆಯಲ್ಲಿ ಅದೇ ಪದ ‘ದೃಢೀಕರಣ’. ಮಹಾಪ್ರಾಣ ಒಂದರಲ್ಲಿ ತನ್ನ ಮನೆಯಲ್ಲೇ ಇತ್ತು. ಇನ್ನೊಂದರಲ್ಲಿ ಎದ್ದು ನೆರೆಮನೆಯ ಕಟ್ಟೆಯ ಮೇಲೆ ಹೋಗಿ ಕುಳಿತಿತ್ತು.

“ಅಯ್ಯ, ಇದು ಯಂತ್ರ ಓದೂ ಸಾಲಲ್ಲ ಕಾಕಾ, ಮನಶ್ಯಾರಿಗೆ ಬರದಿದ್ದು,” ಐಶ್ವರ್ಯ ನಾಲಿಗೆ ಕಚ್ಚಿಕೊಂಡಳು. “ತಪ್ಪು ನಂದ. ಸಾಲಿಯಿಂದಾನೂ ಹಂಗ ಬರದು ರೂಢಿ.”

“ಈ ಟಿಪ್ಪಣಿ ಯಾರಿಗರೆ ತೋರಿಸಿದ್ದೇನು?”

“ಇಲ್ರಿ. ಯಾರಿಗೂ ತೋರಿಸಿಲ್ಲ.”

ರುದ್ರಮುನಿ ಹಾಳೆಗಳನ್ನು ಮೇಜಿನ ಮೇಲಿಟ್ಟ. ಕನ್ನ ಹಾಕಲು ಬಂದವನು ಗೋಡೆಯ ಮೇಲೆ ತಪ್ಪು ಕಾಗುಣಿತ ಕಂಡು, ಮನಸ್ಸು ತಡೆಯದೆ, ಅದನ್ನು ತಿದ್ದಿಯೇ ಮುಂದೆ ಹೋಗಿದ್ದಾನೆ. ಜಗತ್ತಿನಲ್ಲಿ ಅಂಥವರು ಎಷ್ಟು ಮಂದಿಯಿದ್ದಾರು? ಅವನಿಗೆ ಗೊತ್ತಿದ್ದವನು ಒಬ್ಬನೇ. ನಲವತ್ತು ವರ್ಷದ ಹಿಂದೆ, ಅಕ್ಷತೆ ಬೀಳುವ ಗಳಿಗೆಯಲ್ಲಿ, ಹಂದರದ ಕೆಳಗೆ ನಿಂತು ಕೆಂಪು ಪೆನ್ಸಿಲಿನಿಂದ ರುದ್ರಮುನಿಯ ಲಗ್ನಪತ್ರಿಕೆಯನ್ನೇ ತಿದ್ದುತ್ತಿದ್ದವನು.

ಶೇಖಪ್ಪ. ರಾಣೆಬೆನ್ನೂರಿನ ಬೆರಳಚ್ಚು ಶಾಲೆಯ ಮಾಸ್ತರ. ಇಬ್ಬರೂ ಒಂದೇ ಶಬ್ದದ ಅನ್ನ ಉಂಡವರು. “ನಿನ್ನ ಬೆರಳಚ್ಚು ಮಂದೀನ ಜೇಲಿಗೆ ಕಳಸ್ತೈತಿ, ನನ್ನ ಬೆರಳಚ್ಚು ನೌಕರಿಗೆ ಕಳಸ್ತೈತಿ,” ಎಂಬುದು ಶೇಖಪ್ಪನ ಹಳೆಯ ಚೇಷ್ಟೆ. ತಿಂಗಳಿಗೊಮ್ಮೆ ಇಬ್ಬರೂ ಕೂತು ಹೊಸ ಕವಿತೆ ಓದುವರು. ಸಾಲಿನ ಕೊನೆಯಲ್ಲಿ ಕವಿ ಬಿಟ್ಟ ಮೌನಕ್ಕೆ ಇಬ್ಬರೂ ಒಟ್ಟಿಗೆ ಉಸಿರು ಹಿಡಿಯುವರು. ಅಂಥ ಉಸಿರಿನ ನಂಟು ರಕ್ತದ ನಂಟಿಗಿಂತ ಹಳೆಯದು ಎಂದು ಅವನು ನಂಬಿದ್ದ.

ಬೇಡ ಬೇಡವೆಂದರೂ ಉಳಿದ ಎಳೆಗಳು ತಾವಾಗಿ ಬಂದು ಹೆಣೆದುಕೊಂಡವು. ಐಶ್ವರ್ಯ ಬೆಳಗಿನ ಹೊತ್ತು ಶೇಖಪ್ಪನ ಶಾಲೆಯಲ್ಲೇ ಕಂಪ್ಯೂಟರ್ ಕಲಿಸುವಳು. ಕೀಲಿ ಇಟ್ಟುಕೊಂಡ ಅವಳ ಚೀಲ ಅಲ್ಲಿನ ಮೊಳೆಗೇ ನೇತಾಡುವುದು. ಕೀಲಿ ತೆರೆಯಲು ಗುಪ್ತಪದ ಬೇಕು, ನಿಜ. ಆದರೆ ಬೆರಳು ಆಡುವುದನ್ನು ದೂರದಿಂದ ನೋಡಿಯೇ ಯಾವ ಅಕ್ಷರ ಒತ್ತಿದರೆಂದು ಹೇಳಬಲ್ಲ ಮಾಸ್ತರನಿಗೆ ಯಾವ ಪದ ಗುಪ್ತ? ಇನ್ನು ‘ಚೇ’ ಗುರುತು ಯಾರದೆಂದು ಬ್ಯಾಡಗಿಯ ಪೇಟೆಗೆಲ್ಲ ಗೊತ್ತು: ವ್ಯಾಪಾರಿ ಚೇತನಕುಮಾರ, ಶೇಖಪ್ಪನ ಅಳಿಯ. ಗೆಳೆಯನ ಹೆಸರು ಅವನ ಬಾಯಿಂದ ಹೊರಬಿತ್ತು.

“ಶೇಖಪ್ಪ ಸರ್ ಅಂತೀರೇನ್ರಿ?” ಐಶ್ವರ್ಯಳ ದನಿ ಕುಸಿಯಿತು. “ಛೇ, ಇರಾಕಿಲ್ಲ ಬಿಡ್ರಿ ಕಾಕಾ. ನನ್ನ ಹೆಸರ ಇರ್ಲಿ. ನಿಮ್ಮ ದೋಸ್ತಿ ಕೆಡೂದು ಬ್ಯಾಡ.”

ಆ ಮಾತೇ ಅವನನ್ನು ಗಟ್ಟಿ ಮಾಡಿತು. ಅವನು ವರದಿ ಬರೆದ. ಒಂದೂವರೆ ಪುಟ, ಹೆಸರು ಒಂದೇ. ಗೆಳೆಯನ ಮುಖ ಕಂಡಮೇಲೆ ಕೈ ಹಿಂಜರಿದೀತೆಂದು, ಹೊರಡುವ ಮೊದಲೇ, ಐಶ್ವರ್ಯ ತನಗೆ ಮಾಡಿಕೊಟ್ಟಿದ್ದ ಕೀಲಿಯಿಂದ ಅದಕ್ಕೆ ಡಿಜಿಟಲ್ ಸಹಿ ಹಾಕಿ ಸಂಘಕ್ಕೆ ಕಳಿಸಿದ. ಮಹಮೂದಾಬೇಗಂಗೆ ಫೋನಿನಲ್ಲಿ ಹೇಳಿದ: “ನಾ ಹೇಳೂತನಾ ತೆರೀಬ್ಯಾಡ್ರಿ.” ಗೆಳೆತನಕ್ಕೆ ಅವನು ಉಳಿಸಿಟ್ಟ ಕೊನೆಯ ಅವಕಾಶ ಅದು.

ಐಶ್ವರ್ಯ ಬ್ಯಾಡಗಿಗೆ ಹೋದಳು. ಅವನು ಫೋನಿನ ಸದ್ದು ಅಡಗಿಸಿ ಜೇಬಿಗಿಳಿಸಿ, ರಾಣೆಬೆನ್ನೂರಿನ ಬಸ್ಸು ಹತ್ತಿದ. ಬ್ಯಾಡಗಿ ದಾಟುವಾಗ ಬಸ್ಸಿಗೆ ಬಸ್ಸೇ ಸೀನಿತು. ಕಣಗಳಲ್ಲಿ ಹರವಿದ ಕೆಂಪಿನ ಮೇಲೆ ಫೆಬ್ರವರಿಯ ಬಿಸಿಲು ಬಿದ್ದು, ಆ ಬಣ್ಣದಲ್ಲಿ ಯಾವುದು ಹುಟ್ಟಿದ್ದು ಯಾವುದು ಬಳಿದದ್ದು ಎಂದು ಕಣ್ಣಿಗೆ ತಿಳಿಯುವಂತಿರಲಿಲ್ಲ.

“ಬಾರಲೇ ಜೇಲರ್ರ!” ಶೇಖಪ್ಪ ಕುರ್ಚಿಯಿಂದಲೇ ಕೂಗಿದ. “ಇನ್ನೂ ತಿಂಗಳ ಆಗಿಲ್ಲ, ಲಗೂನ ಬಂದೀಯಲ್ಲ? ಕುಂದ್ರು. ಮಿರ್ಚಿ ತರಸ್ತೀನಿ. ನಿಮ್ಮ ಬ್ಯಾಡಗಿ ಬಣ್ಣದ್ದಲ್ಲ, ಖರೇ ಮಿರ್ಚಿ.”

ರುದ್ರಮುನಿ ನಗಲಿಲ್ಲ. ಮಹಡಿಯ ಮೇಲಿನ ಆ ಕೋಣೆಯಲ್ಲಿ ಒಂದು ಬದಿಗೆ ಆರು ಕಂಪ್ಯೂಟರು; ಇನ್ನೊಂದು ಬದಿಗೆ ಹಳೆಯ ಟೈಪ್‌ರೈಟರುಗಳು, ಮುಸುಕು ಹೊದ್ದು, ಯಾರೋ ಎಬ್ಬಿಸಬಹುದೆಂದು ಕಾಯುತ್ತಿರುವಂತೆ. ಮಧ್ಯಾಹ್ನದ ಪಾಠ ಮುಗಿದು ಕೋಣೆ ಖಾಲಿಯಿತ್ತು.

“ಸಂಘಕ್ಕ ಒಂದು ಅರ್ಜಿ ಬರದೇನಿ. ಕಣ್ಣಾಡಿಸಿ ಕೊಡು,” ಎಂದು ಕಾಗದ ಮುಂದಿಟ್ಟ.

ಶೇಖಪ್ಪ ಕಿವಿಯ ಮೇಲಿನ ಕೆಂಪು ಪೆನ್ಸಿಲು ತೆಗೆದ. ಎರಡನೆಯ ಸಾಲಿಗೆ ಪೆನ್ಸಿಲು ನಿಂತಿತು.

“ಥೂ ಇದರ! ಈ ‘ದೃಢೀಕರಣ’ಕ್ಕ ಯಾವುದೋ ಶಾಪ ಐತಿ ನೋಡು. ಅಕಿನೂ ಹಿಂಗ ಬರದಿದ್ಲು, ಈಗ ನೀನೂ.”

“ಅಕಿ ಯಾರು?”

“ನಮ್ಮ ಐಶ್ವರ್ಯ. ಮತ್ತ್ಯಾರು?”

“ಎಲ್ಲಿ ಬರದಿದ್ಲು?”

“ಅಕಿ ಪ್ರೋಗ್ರಾಮಿನಾಗ.”

“ಅಕಿ ಪ್ರೋಗ್ರಾಮ್ ನೀ ಯಾವಾಗ ನೋಡಿದಿ, ಶೇಖಪ್ಪ?”

ಪೆನ್ಸಿಲು ಕಾಗದದಿಂದ ಮೇಲೆದ್ದಿತು. ಶೇಖಪ್ಪ ಗೆಳೆಯನ ಮುಖ ನೋಡಿದ, ಕಾಗದ ನೋಡಿದ, ಮತ್ತೆ ಮುಖ ನೋಡಿದ. ಅವನು ಅಕ್ಷರ ಓದುವವನು. ಮುಖವನ್ನೂ ನಿಧಾನವಾಗಿ, ತಪ್ಪಿಲ್ಲದೆ ಓದಿದ.

“ಈ ಅರ್ಜಿ ಖರೇದಲ್ಲ ಹಂಗಾರ.”

“ಅಲ್ಲ.”

“ಬೇಕಂತ ತಪ್ಪು ಬರದಿ.”

“ಬರದೆ.”

“ವಾಹ್.” ಅವನು ಪೆನ್ಸಿಲನ್ನು ಮೆಲ್ಲಗೆ ಕೆಳಗಿಟ್ಟ. “ಮಂದಿ ಗಾಳಕ್ಕ ಎರಿಹುಳ ಸಿಗಸ್ತಾರ. ನೀ ಮಹಾಪ್ರಾಣ ಸಿಗಿಸಿದಿ. ನಲವತ್ತು ವರ್ಷದ ದೋಸ್ತಗ ಅಷ್ಟರೆ ಮರ್ಯಾದಿ ಕೊಟ್ಟಿ ಬಿಡು.”

“ಮಾತು ಹಾರಸಬ್ಯಾಡ. ಅಕಿ ಚೀಲ ಇದ ಮೊಳಿಗೆ ಇರ್ತೈತಿ. ಬೆರಳು ನೋಡಿ ಗುಪ್ತಪದ ಓದೂ ಮನಶ್ಯಾ ಈ ಊರಾಗ ನೀ ಒಬ್ಬನ. ಸೈ ಅನಿಸಿಕೊಂಡ ಚೀಲ ನಿನ್ನ ಅಳಿಯಂದು. ಕೆಟ್ಟ ಕಂತಿಯೊಳಗ ಒಂದ ಒಂದು ಅಕ್ಷರ ಚಲೋ ಆಗೈತಿ. ಅದನ್ನ ಬಿಟ್ಟು ಬರಾಕ ನಿನ್ನ ಕೈಲೆ ಆಗ್ಲಿಲ್ಲ.”

ಶೇಖಪ್ಪ ಎದ್ದು ಕಿಟಕಿಯ ಬಳಿ ಹೋಗಿ ಬೆನ್ನು ತಿರುಗಿಸಿ ನಿಂತ. ಕೆಳಗೆ ಯಾರೋ ದಾಳಿಂಬರಿ ಮಾರುತ್ತ ಹೋದರು.

“ಅಕ್ಷರ ತಿದ್ದಿದ್ದು ನಾನ,” ಎಂದ. “ಆದ್ರ ಜನವರಿದಾಗ ಅಲ್ಲ. ದಸರಾ ಮುಂದ ಅಕಿ ಇಪ್ಪತ್ತೆರಡು ಹಾಳಿ ತಂದು ಕೊಟ್ಲು. ‘ಸರ್, ನನ್ನ ಕನ್ನಡ ನೋಡ್ರಿ, ಊರ ಮಂದಿ ಓದ್ತಾರ’ ಅಂದ್ಲು. ತಿದ್ದಿಕೊಟ್ಟೆ. ಚಾ ಕುಡದು ಹಾಳಿ ಒಯ್ದ್ಲು.”

“ಯಾರಿಗೂ ತೋರಿಸಿಲ್ಲ ಅಂತಾಳ.”

“ಅಕಿ ಹಂಗಂತಾಳ, ನಾ ಹಿಂಗಂತೀನಿ. ಇಬ್ಬರ ಮಾತೂ ಬಿಡು. ಜನವರಿಗಿಂತ ಹಿಂದಿನ ಕಂತಿ ಯಾವುದು?”

“ಡಿಸೆಂಬರದ್ದು.”

“ಅದನ್ನ ತೆಗದು ನೋಡಿಯೇನು?”

ರುದ್ರಮುನಿ ಅದನ್ನು ನೋಡಿರಲಿಲ್ಲ. ಎರಡು ಗುರುತುಗಳಲ್ಲಿ ಯಾವುದು ಮೂಲ, ಯಾವುದು ನಕಲು ಎಂದು ತಿಳಿಯದಾಗ ಮೂರನೆಯದೊಂದು ಹಳೆಯ ಗುರುತನ್ನು ಕೇಳಿ ತರಿಸಬೇಕು. ಹೊಸದಾಗಿ ಸೇರಿದ ಹುಡುಗರಿಗೆ ಅವನು ಮೊದಲ ದಿನ ಹೇಳಿಕೊಡುತ್ತಿದ್ದ ಪಾಠ ಅದು. ಈ ಸಲ ಯಾವುದು ಮೂಲವೆಂದು ಅವಳು ಹೇಳಿದ್ದಳು. ಅವನು ನಂಬಿದ್ದ.

“ನೋಡೂಣು ಬಾ,” ಎಂದ ಶೇಖಪ್ಪ. ದನಿಯಲ್ಲಿ ಕೋಪವೂ ಇರಲಿಲ್ಲ. ಅದೇ ಹೆಚ್ಚು ಸುಟ್ಟಿತು.

ಡಿಸೆಂಬರಿನ ಕಂತೆ ಜಾಲತಾಣದಲ್ಲಿ ಇನ್ನೂ ಇತ್ತು. ಅದನ್ನು ಇಳಿಸಿಕೊಂಡು ತಾಳೆಸಂಖ್ಯೆ ತೆಗೆದರು. ಸಂಘದ ಗೋಡೆಯ ಚಿತ್ರ ರುದ್ರಮುನಿಯ ಫೋನಿನಲ್ಲಿತ್ತು. ಜನವರಿಯ ಸಂಖ್ಯೆಯ ಮೇಲಿನ ಸಾಲಿನಲ್ಲಿ ಡಿಸೆಂಬರಿನದು. ಒಬ್ಬ ಪರದೆಯಿಂದ ಓದಿದ, ಇನ್ನೊಬ್ಬ ಚಿತ್ರದ ಮೇಲೆ ಬೆರಳಿಟ್ಟು ಹೂಂಗುಟ್ಟಿದ. “ಏಳು, ಸಿ, ಸೊನ್ನಿ, ನಾಕು.” “ಹೂಂ.” “ಎ, ಎ, ಒಂಬತ್ತು, ಇ.” “ಹೂಂ.” ಕವಿತೆ ಓದುವಾಗಿನ ಅದೇ ಎರಡು ದನಿಗಳು, ಉಸಿರು ಮಾತ್ರ ಈಗ ಬೇರೆ ಬೇರೆ. ಅರವತ್ತನಾಲ್ಕೂ ಹೊಂದಿದವು. ಸಹಿಯೂ ಹೊಂದಿತು. ಆ ಕಂತೆಯ ಮೇಲೆ ಡಿಸೆಂಬರಿನಿಂದ ಈವರೆಗೆ ಯಾವ ಕೈಯೂ ಬಿದ್ದಿರಲಿಲ್ಲ.

ಶೇಖಪ್ಪ ಕಡತ ತೆರೆದು, ಆ ಟಿಪ್ಪಣಿಯವರೆಗೆ ಇಳಿದು, ಕುರ್ಚಿಯನ್ನು ಹಿಂದೆ ಸರಿಸಿದ.

‘ದೃಢೀಕರಣ.’

ತಪ್ಪಿರಲಿಲ್ಲ. ಡಿಸೆಂಬರಿನಲ್ಲೇ ಆ ಪದ ತಿದ್ದಿಕೊಂಡು, ಸ್ವಸ್ಥವಾಗಿ ಕುಳಿತಿತ್ತು.

ಹಾಗಾದರೆ ಜನವರಿಯಲ್ಲಿ ಯಾರೂ ಏನನ್ನೂ ತಿದ್ದಲಿಲ್ಲ. ಜನವರಿಯಲ್ಲಿ ಯಾರೋ ಕೆಡಿಸಿದರು. ಸರಿಯಾಗಿದ್ದ ಪದವನ್ನು ಹುಡುಕಿ ಹೋಗಿ, ಅದರ ಮಹಾಪ್ರಾಣವನ್ನು ಕಿತ್ತು ಪಕ್ಕದ ಅಕ್ಷರಕ್ಕೆ ಮೆತ್ತಿದರು. ಅಂಥ ಕಂತೆಯನ್ನು ಪೆನ್‌ಡ್ರೈವಿನಲ್ಲಿಟ್ಟು, ಅದರ ಸಂಖ್ಯೆಯನ್ನೇ ಗೋಡೆಗೆ ಬರೆದರು. ಬಣ್ಣದ ಚೀಲಗಳಿಗೆ ಬಾಗಿಲು ತೆರೆದ ಇನ್ನೊಂದು ಕಂತೆಗೆ ತಮ್ಮದೇ ಕೀಲಿಯಿಂದ ಸಹಿ ಹಾಕಿದರು. ಮುಂದೊಂದು ದಿನ ಒಬ್ಬ ಮುದುಕ ಎರಡನ್ನೂ ಬೆಳಕಿಗೆ ಹಿಡಿದು, ವ್ಯತ್ಯಾಸವನ್ನು ತಾನೇ ಕಂಡುಹಿಡಿದೆನೆಂದು ಬೀಗಲಿ ಎಂದು.

ಬರೇ ಅಕ್ಷರ ನೋಡ್ರಿ, ಎಂದಿದ್ದಳು.

ಪೆನ್‌ಡ್ರೈವು ಅವಳ ಚೀಲ ಬಿಟ್ಟು ಹೋದದ್ದಿಲ್ಲ. ಗೋಡೆಯ ಮೇಲಿನ ಬರಹ ಅವಳದೇ. ಮತ್ತು ಲಗ್ನಪತ್ರಿಕೆ ತಿದ್ದಿದ ಕಥೆಯನ್ನು ಅವನು ಜೀವಮಾನದಲ್ಲಿ ಒಬ್ಬರಿಗೇ ಹೇಳಿದ್ದ; ಕಳೆದ ಯುಗಾದಿಯ ದಿನ, ತನ್ನ ಅಡುಗೆಮನೆಯಲ್ಲಿ, ಮಗಳಿಗೆ ಹೇಳುವಂತೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಆ ನಗು ಎಷ್ಟು ಚೆನ್ನಾಗಿತ್ತೆಂದರೆ, ಅವನು ಆ ಕಥೆಯನ್ನು ಮತ್ತೊಮ್ಮೆ, ಇನ್ನಷ್ಟು ಬಣ್ಣ ಹಚ್ಚಿ ಹೇಳಿದ್ದ.

“ತಾಳೆ ಸುಳ್ಳು ಹೇಳಂಗಿಲ್ಲ. ಸಹಿನೂ ಸುಳ್ಳು ಹೇಳಂಗಿಲ್ಲ,” ಎಂದ ರುದ್ರಮುನಿ, ಯಾರಿಗೆಂದಿಲ್ಲದೆ. “ಅವೆರಡನ್ನೂ ಮುಂದಿಟಗೊಂಡು ಅಕಿ ಹೇಳಿದ್ಲು.”

“ಐದಕ್ಕ ಸಭಾ ಅಂತ ಕೇಳೇನಿ,” ಶೇಖಪ್ಪ ಪರದೆಯಿಂದ ಕಣ್ಣು ತೆಗೆಯದೆ ಕೇಳಿದ. “ಅಲ್ಲಿ ಯಾರ ಹೆಸರು ಕೊಟ್ಟೀದಿ?”

ರುದ್ರಮುನಿ ಮೇಜಿನ ಮೇಲಿದ್ದ ಫೋನಿನತ್ತ ಕೈ ಚಾಚಿದ.

“ನಂದ?”

“ತೆರೀಬ್ಯಾಡ್ರಿ ಅಂತ ಹೇಳೇನಿ. ನಾ ಫೋನ್ ಮಾಡೂತನಾ ತೆರೆಯಂಗಿಲ್ಲ.” ಅವನು ಫೋನು ಹಿಡಿದ. ಗೋಡೆಯ ಚಿತ್ರ ಸರಿಸಿದಾಗ ಅದರ ಹಿಂದೆ ಎತ್ತದೆ ಹೋದ ಕರೆಗಳು ಸಾಲಾಗಿ ನಿಂತಿದ್ದವು. ಹನ್ನೊಂದು. ಎಲ್ಲವೂ ಮಹಮೂದಾಬೇಗಂಳವು. ಗಂಟೆ ನಾಲ್ಕೂ ಇಪ್ಪತ್ತು.

ಮೊದಲ ಗಂಟೆಗೇ ಆಕೆ ಎತ್ತಿದಳು. “ಏನ್ರಿ ಸಾಹೇಬ್ರ, ಹಚ್ಚಿ ಹಚ್ಚಿ ಬೆರಳು ಸವದುವು! ಎಲ್ಲಿ ಅದೀರಿ?”

“ಬೇಗಂ, ನನ್ನ ಕಾಗದ ತೆರೀಬ್ಯಾಡ್ರಿ. ಅದನ್ನ ವಾಪಸ್ ತಗೋತೀನಿ.”

“ತೆರದು ತಾಸಾತಲ್ರಿ. ನೀವು ತೆರೀರಿ ಅಂದ್ರಿ ಅಂತ ಐಶ್ವರ್ಯ ಬಂದು ಹೇಳಿದ್ಲು. ನಾ ಸುಮ್ಮನ ನಂಬಲಿಲ್ಲ ಮತ್ತ, ನಿಮಗ ಫೋನ್ ಹಚ್ಚಿದೆ. ನೀವ ಎತ್ತಲಿಲ್ಲ.”

“ನಾ ಹೇಳಿಲ್ಲ. ಆ ಕಾಗದದಾಗ ಇರೂದು ಸುಳ್ಳು.”

“ಸುಳ್ಳಂದ್ರ?” ಆಕೆಯ ದನಿ ಗಡುಸಾಯಿತು. “ತಾಳೆ ನೋಡೇವಿ, ಒಂದಕ್ಷರ ಬದಲಾಗಿಲ್ಲ. ಸಹಿ ನೋಡೇವಿ, ನಿಮ್ದ ಐತಿ. ಬರದಾವರು ನೀವ ಹೌದೋ ಅಲ್ಲೋ?”

“ಹೌದು. ಬರದದ್ದು ನಾನ. ಸಹಿನೂ ನಂದ. ಆದ್ರ ನಾ ತಪ್ಪು ತಿಳದಿದ್ದೆ.”

“ಹಂಗಿದ್ರ ಅದನ್ನ ಯಾವ ಪೆಟಗಿ ಹಿಡೀತೈತ್ರಿ ಸಾಹೇಬ್ರ? ಕಾಗದ ಓದಿದ ಮ್ಯಾಲೆ ಐದರತನಾ ಕಾಯಲಿಲ್ಲ, ಮೂರೂವರಿಗೇ ಸಭಾ ಮುಗಿಸಿದ್ವಿ. ಪೊಲೀಸ್ರು ಬಂದು ಕಾಗದ ಒಯ್ದ್ರು. ಜೀಪ್ ರಾಣೆಬೆನ್ನೂರಿಗೆ ಹೊಂಟೈತಿ.”

ಶೇಖಪ್ಪ ಪಕ್ಕದಲ್ಲೇ ಕುಳಿತಿದ್ದ. ಅವನಿಗೆ ಎಲ್ಲವೂ ಕೇಳುತ್ತಿತ್ತು. ಅವನು ಮೇಜಿನ ಮೇಲಿನ ಸುಳ್ಳು ಅರ್ಜಿಯನ್ನು ಎಳೆದುಕೊಂಡು, ಬಿಟ್ಟುಹೋಗಿದ್ದ ಇನ್ನೊಂದು ತಪ್ಪನ್ನು ಕೆಂಪು ಪೆನ್ಸಿಲಿನಿಂದ ತಿದ್ದತೊಡಗಿದ. ಕೈಗೆ ಬೇರೇನಾದರೂ ಕೆಲಸ ಬೇಕಿತ್ತು.

“ಐಶ್ವರ್ಯಗ ಫೋನ್ ಕೊಡ್ರಿ,” ಎಂದ ರುದ್ರಮುನಿ.

“ಅಕಿ ಇಲ್ಲೆಲ್ಲಿ ಅದಾಳ್ರಿ? ಮಾಸ್ತರ ಸಾಲಿ ಪೊಲೀಸ್ರಿಗೆ ಗೊತ್ತಿಲ್ಲಂತ, ಅಕೀನ ಜೀಪ್ ಹತ್ತಿ ಹೋದ್ಲು, ತೋರಸಾಕ.”

ಕೆಳಗೆ ಬೀದಿಯಲ್ಲಿ ಬ್ರೇಕು ಕಿರುಗುಟ್ಟಿತು. ಬಾಗಿಲು ಬಡಿದುಕೊಂಡ ಸದ್ದು, ಒಂದಾದ ಮೇಲೊಂದರಂತೆ ಮೂರು. ಆಮೇಲೆ ಮೆಟ್ಟಿಲ ಮೇಲೆ ಬೂಟುಗಳು. ಅವುಗಳ ಮುಂದೆ, ಹಗುರಾಗಿ, ಪರಿಚಿತವಾಗಿ, ಒಂದು ಜೊತೆ ಚಪ್ಪಲಿ.

“ಹುಷಾರ್ ಸರ್,” ಎಂದಿತು ಆ ದನಿ ಹಿಂದೆ ಬರುತ್ತಿದ್ದ ಪೊಲೀಸರಿಗೆ, ರುದ್ರಮುನಿಗೆ ಚಹಾ ಕೊಡುವಾಗಿನ ಅದೇ ಅಕ್ಕರೆಯಲ್ಲಿ. “ಮೂರನೇ ಮೆಟ್ಟಲಾ ಒಡದೈತಿ, ನೋಡಿ ಕಾಲಿಡ್ರಿ.”